ಮಾವಶಿ ಹೇಳಿದ ಸಾಕ್ಷಿ

ಕಳೆದ ತಿಂಗಳು ಚಿಕ್ಕೋಡಿಯ ನಮ್ಮ ಮನೆಯ ಹಿಂದೆ ಯಾರೋ ಮಶೇರಿ ಹುರಿದರು. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕಿಕೊಳ್ಳುವ ಚಟ ನಮ್ಮ ಕಡೆಯ ಹೆಂಗಸರಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆ ಘಾಟು ಒಳಗೆ ಬಂದದ್ದೇ ತಡ, ಕೆಮ್ಮುತ್ತ ಕಿಟಕಿ ಮುಚ್ಚಲು ಎದ್ದೆ. ಮುಚ್ಚದೆ ಹಾಗೇ ನಿಂತೆ. ನಿಪ್ಪಾಣಿಯ ಮಾವಶಿ ನೆನಪಾಗಿದ್ದಳು...

ಅವಳು ನನ್ನ ಸ್ವಂತ ಮಾವಶಿಯಲ್ಲ, ಎಂದರೆ ಅವ್ವನ ಅಕ್ಕತಂಗಿಯಲ್ಲ. ನಿಪ್ಪಾಣಿಯಲ್ಲಿ ಅವ್ವನ ವಯಸ್ಸಿನ ಹೆಂಗಸರನ್ನೆಲ್ಲ ಮರಾಠಿಯ ರೂಢಿಯಂತೆ ಮಾವಶಿ ಎಂದೇ ಕರೆಯುತ್ತಿದ್ದೆವು. ಅವಳದು ವಖಾರಿಯಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ಜರಡಿ ಹಿಡಿಯುವ ಕೆಲಸ. ನಮ್ಮ ಪ್ರಾರ್ಥನಾ ಮಂದಿರಕ್ಕೆ ಮೊದಲ ಸಲ ಬಂದಾಗ ಸಾವಿರದ ಒಂಬೈನೂರ ಎಂಬತ್ತೈದೋ ಎಂಬತ್ತಾರೋ ಇಸವಿ ಇರಬೇಕು, ನನಗೆ ಹದಿನೇಳು ವಯಸ್ಸು. ಅವಳ ಸೆರಗಿನಿಂದ ಎದ್ದ ಧೂಳಿಗೆ ಆ ಸಾಲಿನವರೆಲ್ಲ ಸೀನತೊಡಗಿದರು. ನಾನು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಎದ್ದು ಮುಂದಿನ ಸಾಲಿಗೆ ಹೋಗಿ ಕೂತೆ.

ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ನಾನು ಏಳನೆಯ ವಯಸ್ಸಿನಿಂದ ಬೈಬಲಿನ ವಚನಗಳನ್ನು ಬಾಯಿಪಾಠ ಮಾಡಿ ಪ್ರತಿ ವರ್ಷ ಬಹುಮಾನ ಗೆದ್ದವಳು. ಬಹುಮಾನ ಎಂದರೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಅಂಥ ಡಬ್ಬಿಗಳು ನಮ್ಮ ಮನೆಯ ಗೋಡೆಯ ಮಾಡಿನಲ್ಲಿ ಸಾಲಾಗಿ ಕೂತಿದ್ದವು. ಮನುಷ್ಯರೆಲ್ಲ ಪಾಪಿಗಳು, ಒಳ್ಳೆಯತನದಿಂದ ಯಾರೂ ರಕ್ಷಣೆ ಗಳಿಸಲಾರರು, ಅದು ದೇವರು ಪುಕ್ಕಟೆ ಕೊಡುವುದು, ನಂಬಿ ಕೈ ಚಾಚಿದರೆ ಸಾಕು ಎಂದು ಬೋಧಕರು ವಾರ ತಪ್ಪದೆ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆದರೆ ನನ್ನ ಮಟ್ಟಿಗೆ ಪಾಪ ಎಂದರೆ ಬೇರೆಯವರು ಮಾಡುವಂಥದ್ದು.

ತಿಂಗಳ ಕೊನೆಯ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವ ರೂಢಿ ಇತ್ತು. ಇಷ್ಟವಿದ್ದವರು ಎದ್ದು ನಿಂತು, ತಾವು ಹೇಗಿದ್ದೆವು, ದೇವರು ತಮ್ಮನ್ನು ಹೇಗೆ ತಿದ್ದಿದ ಎಂದು ಹೇಳಬೇಕು. ಮಾವಶಿ ಬಂದ ನಾಲ್ಕನೆಯ ತಿಂಗಳಿಗೇ ಎದ್ದಳು.

"ನಮ್ಮತ್ತಿ ಬೆನ್ನ ಬಗ್ಗಿದಾಕಿ. ನಾ ರೊಟ್ಟಿ ಬುಟ್ಟಿ ನೆಲುವಿಗೆ ಏರಿಸಿ ವಖಾರಿಗೆ ಹೋಗತಿದ್ದೆ. ಅಕಿ ಕೈಗೆ ನಿಲುಕತಿದ್ದಿಲ್ಲ" ಎಂದಳು. ಆ ಮುದುಕಿ ಒಂದು ದಿನ ಸೂರಿಗೆ ತೂಗುಬಿಟ್ಟ ಆ ನೆಲುವಿನ ಕೆಳಗೇ ಸತ್ತು ಬಿದ್ದಿದ್ದಳಂತೆ. ಅಂದಿನಿಂದ ಮಾವಶಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಇಂಥವಳಿಗೂ ಕ್ಷಮೆ ಇದೆ ಎಂದು ಇಲ್ಲಿ ಕೇಳಿದ ದಿನ ಮನೆಗೆ ಹೋಗಿ ಅರ್ಧ ರೊಟ್ಟಿ ತಿಂದಳಂತೆ. ಸಭೆಗೆ ಸಭೆಯೇ ಅತ್ತಿತು. ನನ್ನ ಅವ್ವ ಎದ್ದು ಹೋಗಿ ಅವಳನ್ನು ತಬ್ಬಿಕೊಂಡಳು.

ನನ್ನನ್ನು ಅವ್ವ ಹಾಗೆ ಎಲ್ಲರೆದುರು ಯಾವತ್ತೂ ತಬ್ಬಿಕೊಂಡಿರಲಿಲ್ಲ. ಏಕೆ ತಬ್ಬಿಕೊಳ್ಳಬೇಕು? ನಾನು ಯಾವ ಅತ್ತೆಯನ್ನು ಉಪವಾಸ ಕೆಡವಿದ್ದೆ? ಓದಿ ಪಾಸಾದವಳ ಮುಂದೆಯೇ ಕಾಪಿ ಹೊಡೆದು ಪಾಸಾದವಳ ಹೆಸರಲ್ಲಿ ಪೇಢೆ ಹಂಚಿದಂತಾಗಿತ್ತು ನನಗೆ. ಹೇಳಿಕೊಳ್ಳಲು ನನ್ನ ಹತ್ತಿರ ಒಂದು ಪಾಪವಾದರೂ ಇರಬಾರದಿತ್ತೇ ಎಂದು ಹುಚ್ಚಿಯ ಹಾಗೆ ಯೋಚಿಸಿದ್ದೂ ಉಂಟು...

ಮರುವರ್ಷ ವೇದಗಂಗೆಯಲ್ಲಿ ಅವಳ ದೀಕ್ಷಾಸ್ನಾನವಾಯಿತು. ದಂಡೆಯ ಮೇಲೆ ಬೋಧಕರು ಚಟಗಳ ಬಗ್ಗೆ ಕೇಳಿದಾಗ, ಮಶೇರಿ ಬಿಟ್ಟೆ ಎಂದು ಎಲ್ಲರ ಮುಂದೆ ಮಾತು ಕೊಟ್ಟು ನೀರಿಗಿಳಿದಳು. ನಾನು ದಂಡೆಯಲ್ಲಿ ಅವಳ ಒಣ ಸೀರೆ ಹಿಡಿದುಕೊಂಡು ನಿಂತಿದ್ದೆ. ಅವ್ವನೇ ಹಿಡಿಸಿದ್ದಳು.

ಅದೇ ಬೇಸಿಗೆಯಲ್ಲಿ ಅವ್ವನ ಹೊಟ್ಟೆ ಬಾವು ಶುರುವಾಯಿತು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾವಿಬ್ಬರೇ. ಮಿರಜಿಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಅವ್ವನಿಗೆ ಆಪರೇಷನ್ ಎಂದರೆ ಜೀವ ಹೋದಷ್ಟು ಹೆದರಿಕೆ. ನಾನು ದಿನಾ ಸಂಜೆ ಅವಳ ಪಕ್ಕ ಕೂತು ಒಂದು ಅಧ್ಯಾಯ ಓದಿ, ಕಣ್ಣು ಮುಚ್ಚಿ, ಶುದ್ಧವಾದ ಮಾತುಗಳಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಅವ್ವ ಆಮೆನ್ ಎನ್ನುತ್ತಿದ್ದಳು. ಎಂದ ಕೂಡಲೇ ಮತ್ತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸೂರು ನೋಡುತ್ತಿದ್ದಳು.

ಮಾವಶಿ ವಖಾರಿ ಬಿಟ್ಟ ಮೇಲೆ ಬರುತ್ತಿದ್ದಳು. ಕೈ ತೊಳೆದು, ಒದ್ದೆ ಅಂಗೈಯನ್ನು ಅವ್ವನ ಹಣೆಯ ಮೇಲೆ ಇಟ್ಟು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ದೇವರ ಜೊತೆ ಮಾತಿಗೆ ಕೂರುತ್ತಿದ್ದಳು. "ದೇವಬಾಪಾ, ಈಕಿ ಭಾಳ ಅಂಜ್ಯಾಳ. ನಿನಗ ಗೊತ್ತೈತಿ, ಮತ್ತ್ಯಾಕ ಸುಮ್ಮನಿದ್ದೀ?" ಕಟ್ಟೆಯ ಮೇಲೆ ಕೂತ ನೆರೆಮನೆಯ ಹಿರಿಯನನ್ನು ದಬಾಯಿಸಿದ ಹಾಗೆ. ಅಷ್ಟಕ್ಕೇ ಅವ್ವನಿಗೆ ನಿದ್ದೆ ಹತ್ತುತ್ತಿತ್ತು.

ಒಂದು ದಿನ ಅವ್ವ ಹೇಳಿಯೂ ಬಿಟ್ಟಳು. "ನೀ ಚಂದ ಓದತೀ ಮಗಳ, ಇಲ್ಲ ಅನ್ನೂದಿಲ್ಲ. ಆದ್ರ ಅಕಿ ಕೈ ಇಟ್ಟರ ನನ್ನ ಅಂಜಿಕಿ ಹೋಗತೈತಿ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಆದರೆ ಅಂದು ನನಗೆ ಗಾದೆ ನೆನಪಾಗಲಿಲ್ಲ, ಬರೀ ಹೊಟ್ಟೆ ಉರಿಯಿತು. ಅತ್ತೆಗೆ ರೊಟ್ಟಿ ಕೊಡದವಳ ಕೈ ನನ್ನ ಅವ್ವನ ಹಣೆಯ ಮೇಲೆ! ಗಂಜಿ ಕಾಸುವವಳು ನಾನು, ಬಟ್ಟೆ ಒಗೆಯುವವಳು ನಾನು, ಕಾಲೇಜು ಬಿಟ್ಟು ಮನೆಯಲ್ಲಿ ಕೂತವಳು ನಾನು. ದೇವರಿಗೆ ನನ್ನ ಮಾತು ಕೇಳಿಸದಿದ್ದರೆ ಹೋಗಲಿ, ಅವ್ವನಿಗೂ ಕೇಳಿಸುವುದಿಲ್ಲವೇ?

ಆ ವಾರವೇ ನನ್ನ ಕೈಗೆ ಅವಳು ಸಿಕ್ಕಿಬಿದ್ದಳು. ಪ್ರಾರ್ಥನೆ ಮುಗಿಸಿ ಹಿತ್ತಲಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಬೆರಳಿನಿಂದ ಹಲ್ಲಿಗೆ ಮಶೇರಿ ತಿಕ್ಕುತ್ತಿದ್ದಳು. ನನ್ನ ಎದೆ ಢವಢವ ಹೊಡೆದುಕೊಂಡಿತು. ಸುಳ್ಳೇಕೆ ಹೇಳಲಿ, ಅದು ಸಂತೋಷಕ್ಕೆ.

ಮರುದಿನ ಶನಿವಾರ. ಬೆಳಗಾದರೆ ಕರ್ತನ ಭೋಜನ, ಸಭೆಯವರೆಲ್ಲ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಪಾಲು ತೆಗೆದುಕೊಳ್ಳುವ ಆರಾಧನೆ. ನಾನು ಬೋಧಕರ ಮನೆಗೆ ಹೋಗಿ, ಬಹಳ ನೊಂದವಳ ಹಾಗೆ ಮುಖ ಮಾಡಿಕೊಂಡು ವಿಷಯ ಮುಟ್ಟಿಸಿದೆ. ಅವಳಿಗಾಗಿ ಪ್ರಾರ್ಥಿಸಿರಿ ಎಂದೂ ಸೇರಿಸಿದೆ. ಕೂಸು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ.

ಬೋಧಕರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಭಾನುವಾರ ಅವಳನ್ನು ಕರೆದು ಕೇಳಿದರು. "ಹೌದ್ರಿ, ಹಚ್ಚೇನ್ರಿ" ಎಂದು ಒಪ್ಪಿಕೊಂಡಳಂತೆ. ಮೂರು ತಿಂಗಳು ಪಾಲು ಇಲ್ಲ, ಸಭೆಯಲ್ಲಿ ಪ್ರಾರ್ಥನೆ ನಡೆಸುವಂತಿಲ್ಲ ಎಂದಾಯಿತು. ರೊಟ್ಟಿಯ ತಟ್ಟೆ ತನ್ನ ಸಾಲಿಗೆ ಬಂದಾಗ ಅವಳು ತಲೆ ತಗ್ಗಿಸಿ ಪಕ್ಕದವಳಿಗೆ ದಾಟಿಸಿದಳು. ನಾನು ನನ್ನ ಪಾಲು ತಿಂದೆ.

ನಮ್ಮ ಮನೆಗೆ ಹೋಗಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಾಚಿಕೆಗೆ ಅವಳೇ ಬರುವುದು ಬಿಟ್ಟಳು. ಅವ್ವ ಕೇಳಿದಳು. ವಖಾರಿಯಲ್ಲಿ ಕೆಲಸ ಹೆಚ್ಚಾಗಿದೆಯಂತೆ ಎಂದೆ. ಮಿರಜಿಗೆ ಹೋಗುವ ದಿನ ಗೊತ್ತಾದ ಮೇಲೆ ಅವ್ವ, "ಅಕಿನ್ನ ಒಂದು ಸಲ ಕರಕೊಂಡ ಬಾ ಬೇ, ಒಂದ ಸಲ ಕೈ ಇಟ್ಟು ಹೋಗಲಿ" ಎಂದಳು. ಹೂಂ ಎಂದೆ. ಚಪ್ಪಲಿ ಮೆಟ್ಟಿ ಹೊರಗೂ ಹೋದೆ. ಬಸ್ ಸ್ಟ್ಯಾಂಡಿನ ತನಕ ನಡೆದು, ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು, ಅವಳಿಗೆ ಬಿಡುವಿಲ್ಲವಂತೆ ಎಂದೆ. ಅವ್ವ ಮತ್ತೆ ಎರಡು ಸಲ ಕೇಳಿದಳು. ಎರಡು ಸಲವೂ ಅದನ್ನೇ ಹೇಳಿದೆ.

ಮಿರಜಿನ ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೆ ಒಯ್ಯುವ ಮೊದಲು ನಾನೇ ಹಣೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. ಕಣ್ಣು ತೆರೆದಾಗ ಅವ್ವ ನನ್ನನ್ನಲ್ಲ, ಬಾಗಿಲನ್ನು ನೋಡುತ್ತಿದ್ದಳು. ಮೂರನೆಯ ದಿನ ತೀರಿಕೊಂಡಳು...

ಮಣ್ಣಿಗೆ ಬಂದ ಮಾವಶಿ ನನ್ನನ್ನು ಎದೆಗವಚಿಕೊಂಡು, ಮರಾಠಿಯಲ್ಲಿ ಮಗುವನ್ನು ಕರೆಯುವ ಹಾಗೆ ಬಾಳಾ ಎಂದು ಕರೆದು ಅತ್ತಳು. "ನಾ ಬರಬೇಕಾಗಿತ್ತ ಬಾಳಾ. ನನ್ನ ಹಾಳ ಚಟದ ಸಲುವಾಗಿ ನಿಮ್ಮವ್ವ ಅಂಜಕೋತ ಹ್ವಾದಳು" ಎಂದಳು. ಅಂದಿನಿಂದ ಮಶೇರಿ ಬಿಟ್ಟಳು, ಈ ಸಲ ನಿಜವಾಗಿ. ಮತ್ತು ಅಂದಿನಿಂದ ಅವಳ ಸಾಕ್ಷಿಗೆ ಎರಡನೆಯ ಪಾಪವೊಂದು ಸೇರಿಕೊಂಡಿತು. ನಾನು ಟೀಚರಾಗಿ ರಾಯಬಾಗದ ಕಡೆ ಸೇರಿದ ಮೇಲೂ ರಜೆಗೆ ನಿಪ್ಪಾಣಿಗೆ ಬಂದಾಗೆಲ್ಲ ಅದನ್ನು ಕೇಳಿದ್ದೇನೆ. ಮೊದಲು ನೆಲುವಿನ ಬುಟ್ಟಿ, ಆಮೇಲೆ ತನ್ನ ದಾರಿ ಕಾಯುತ್ತ ಹೋದ ಒಬ್ಬ ಕಾಯಿಲೆಯ ಹೆಂಗಸು. ಜನ ಅಳುತ್ತಿದ್ದರು. ನಾನು ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿರುತ್ತಿದ್ದೆ. ಮೈಯೆಲ್ಲ ನಾಚಿಕೆ. ಅದರ ಅಡಿಯಲ್ಲಿ ಹಳೆಯ ಹೊಟ್ಟೆಕಿಚ್ಚು. ಕೊನೆಗೆ ನನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಒಂದು ಪಾಪವನ್ನೂ ಅವಳೇ ಹೊತ್ತುಕೊಂಡಿದ್ದಳು!

ತೊಂಬತ್ತೈದರ ಸುಮಾರಿಗೆ ಅವಳು ಹಾಸಿಗೆ ಹಿಡಿದಳೆಂದು ಕೇಳಿ ನೋಡಲು ಹೋದೆ. ವಖಾರಿಯ ಧೂಳು ಎದೆಯಲ್ಲಿ ಕೂತಿತ್ತು, ಒಂದೊಂದು ಉಸಿರಿಗೂ ಕಷ್ಟಪಡುತ್ತಿದ್ದಳು. ಬೋಧಕರಿಗೆ ಹೇಳಿದವಳು ನಾನೇ ಎಂದು ಹೇಗೋ ಬಾಯಿ ಬಿಟ್ಟೆ.

ಅವಳು ನಕ್ಕಳು. "ಗೊತ್ತೈತಿ. ಅವತ್ತ ಹೊರಳಿ ನೋಡಿದಾಗ ಹಿತ್ತಲ ಬಾಗಲದಾಗ ನಿನ್ನ ಕಾಲ ಕಂಡಿದ್ದೆ. ಅದರಾಗೇನೈತಿ, ಚಟ ನಂದು."

ಅಷ್ಟಕ್ಕೆ ಬಿಟ್ಟು ಎದ್ದು ಬರಬಹುದಿತ್ತು. ಬಿಡಲಿಲ್ಲ. ಅವ್ವ ನಿನ್ನನ್ನು ಮೂರು ಸಲ ಕರೆದಿದ್ದಳು, ನಾನು ನಿನಗೆ ಹೇಳಲೇ ಇಲ್ಲ ಎಂದೆ.

ಮಾವಶಿಯ ನಗು ನಿಂತಿತು. "ಕರದಿದ್ದಳಾ? ನನ್ನ?"

ನನ್ನ ಮಶೇರಿಯ ಸುದ್ದಿ ಕೇಳಿ ನಿಮ್ಮವ್ವನಿಗೂ ಹೇಸಿಗೆ ಬಂದಿತ್ತು, ಅದಕ್ಕೇ ಕರೆಯಲಿಲ್ಲ ಎಂದುಕೊಂಡಿದ್ದೆ ಎಂದಳು. ಎಂಟು ವರ್ಷ ಹಾಗೆಯೇ ಅಂದುಕೊಂಡು ಬದುಕಿದ್ದಳು. ಕರೆದಿದ್ದಳಾ, ಕರೆದಿದ್ದಳಾ ಎಂದು ತನಗೆ ತಾನೇ ಎರಡು ಮೂರು ಸಲ ಅಂದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಕಾಲು ಮುಟ್ಟಿ ಕ್ಷಮಿಸು ಎಂದೆ. ಅವಳು ಕಾಲು ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

"ಇವತ್ತ ಬಾಯಾಗ ಆ ಮಾತ ಬರವಲ್ದು ಬಾಳಾ. ಸುಳ್ಳ ಅನ್ನಬಾರದು. ನಾಳಿ ಬಾ."

ಮರುದಿನ ನಾನು ಹೋಗಲಿಲ್ಲ. ಹೆದರಿಕೆಯಾಯಿತು. ಬೆಳಗಿನ ಬಸ್ಸಿಗೇ ರಾಯಬಾಗಕ್ಕೆ ಹೊರಟುಬಿಟ್ಟೆ. ಮುಂದಿನ ಭಾನುವಾರ ಹೋದರಾಯಿತು ಎಂದುಕೊಂಡೆ, ಆ ಭಾನುವಾರ ಶಾಲೆಯ ಯಾವುದೋ ನೆಪ ಸಿಕ್ಕಿತು. ಅದರ ಮುಂದಿನ ಬುಧವಾರ ಅವಳು ಹೋದ ಸುದ್ದಿ ಬಂತು. ನಾಳಿ ಬಾ ಎಂದಿದ್ದ ಆ ದಿನವೆಲ್ಲ ಅವಳು ಬಾಗಿಲ ಕಡೆ ನೋಡುತ್ತ ಮಲಗಿದ್ದಳೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಈಗ ನಾನು ರಿಟೈರಾಗಿ ಇಲ್ಲಿ ಒಬ್ಬಳೇ ಇದ್ದೇನೆ. ಭಾನುವಾರ ತಪ್ಪದೆ ಸಭೆಗೆ ಹೋಗುತ್ತೇನೆ, ಸಾಕ್ಷಿಯ ಹೊತ್ತಿಗೆ ಏಳುವುದಿಲ್ಲ. ದೇವರು ಕ್ಷಮಿಸಿದನೆಂದರೆ ಅಲ್ಲಿಗೆ ಮುಗಿಯಿತು ಎಂದು ಕಲಿತವಳು ನಾನು, ಮಕ್ಕಳಿಗೆ ಹಾಗೆಯೇ ಕಲಿಸಿದವಳು. ಅವನು ಕ್ಷಮಿಸಿದ್ದಾನೆ ಎಂದು ನಂಬುತ್ತೇನೆ. ಆದರೂ ಆ ಒಂದು ಮಾತನ್ನು ಮಾವಶಿಯ ಬಾಯಿಂದ ಕೇಳಬೇಕಿತ್ತು. ಅದು ಇನ್ನು ಸಿಗುವಂಥದ್ದಲ್ಲ...

ನಾವು ನಂಬಿದ್ದು ನಿಜವಾದರೆ ಅವರಿಬ್ಬರೂ ಈಗ ಒಂದೇ ಕಡೆ ಇದ್ದಾರೆ. ಅವ್ವ ಕರೆದದ್ದು, ಇವಳು ಬಾರದೆ ಉಳಿದದ್ದು, ನಡುವೆ ನಿಂತವಳು ಯಾರು ಎಂಬುದು, ಎಲ್ಲ ಮಾತಾಡಿ ಮುಗಿದು ಎಷ್ಟೋ ಕಾಲವಾಗಿರಬೇಕು. ನನ್ನ ಮೇಲೆ ಅವರಿಗೆ ಸಿಟ್ಟೂ ಇರಲಿಕ್ಕಿಲ್ಲ. ಅದನ್ನೆಲ್ಲ ನೆನೆದು ಸಮಾಧಾನ ಮಾಡಿಕೊಳ್ಳಬೇಕೆಂದು ಕೂರುತ್ತೇನೆ. ಅಷ್ಟರಲ್ಲಿ, ಅವ್ವನ ಹತ್ತಿರ ಅಲ್ಲಿಗೂ ನನಗಿಂತ ಮೊದಲು ಅವಳೇ ಹೋದಳಲ್ಲ ಎಂದು ಹೊಟ್ಟೆ ಉರಿಯುತ್ತದೆ.