ಅಳವಂಡಿಗೆ ಹೋದ ಪಾರಿವಾಳ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಗ್ರಹಣದ ಹೊತ್ತಿಗೆ ಕೊಪ್ಪಳದ ನಮ್ಮ ಓಣಿಯೆಲ್ಲ ಬಾಗಿಲು ಹಾಕಿಕೊಂಡರೆ, ನಾನು ಕಟ್ಟೆಯ ಮೇಲೆ ಕೂತು ಒಗ್ಗರಣಿ-ಮಿರ್ಚಿ ತಿನ್ನುವವನು. ದೆವ್ವದ ಕಥೆ ಹೇಳಲು ಬಂದವರನ್ನು ಅರ್ಧಕ್ಕೇ ನಿಲ್ಲಿಸಿ ಕಾಡಿಸಿದ್ದೇನೆ. ಈಗ ನೀವು ನನ್ನನ್ನು ಕಾಡಿಸಿದರೆ ಬೇಡ ಅನ್ನಲಾರೆ.

ನಮ್ಮ ಮಗ್ಗುಲ ಮನೆಯ ಖಾಸಿಂ ಚಾಚಾ ಗಾದಿ ಹೊಲಿಯುವವರು. ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರು. ರವಿವಾರ ಬಂತೆಂದರೆ ಹಕ್ಕಿಗಳನ್ನು ಬುಟ್ಟಿಗೆ ಹಾಕಿಕೊಂಡು ಬಸ್ಸಿನಲ್ಲಿ ಯಲಬುರ್ಗಾಕ್ಕೆ ಹೋಗಿ, ಅಲ್ಲಿಂದ ಹಾರಿಬಿಡುವುದು ಅವರ ಚಟ. ಅವರು ತಿರುಗಿ ಬರುವಷ್ಟರಲ್ಲಿ ಹಕ್ಕಿಗಳು ಮಾಳಿಗೆಯ ಮೇಲೆ ಕೂತಿರುತ್ತಿದ್ದವು.

ಅವುಗಳಲ್ಲಿ ಒಂದು ಬಿಳಿ ಹೆಣ್ಣು. ತಾಯಿ ಸತ್ತ ಆ ಮರಿಗೆ ಚಾಚಾನ ಹೆಂಡತಿ ಜುಬೇದಾ ಚಾಚಿ ಜೋಳ ಅಗಿದು ಬಾಯಿಂದಲೇ ತಿನ್ನಿಸಿ ಬದುಕಿಸಿದ್ದರು, ಕಾಲಿಗೊಂದು ಹಸಿರು ಉಂಗುರ ಹಾಕಿದ್ದರು. ಹಿಂದಿನ ಚಳಿಗಾಲದಲ್ಲಿ ಚಾಚಿ ತೀರಿಕೊಂಡರು. "ಒಮ್ಮಿ ಅಳವಂಡಿಗೆ ಹೋಗಿ ತವರಮನಿ ನೋಡಿ ಬರಬೇಕ್ರಿ" ಎಂದು, ಹಾಸಿಗೆ ಹಿಡಿದಿದ್ದಾಗ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಸಿಗೆಯಿಂದ ಏಳಲಾರದ ಜೀವವನ್ನು ಹೇಗೆ ಕರೆದೊಯ್ಯುವುದು? ಆಗಲೇ ಇಲ್ಲ. ಚಾಚಾಗೆ ಉಳಿದದ್ದು ಆ ಬಿಳಿ ಹಕ್ಕಿ. ಅದನ್ನು 'ಬೇಟಿ', ಮಗಳು, ಅಂತಲೇ ಕರೆಯುತ್ತಿದ್ದರು.

ಲಡಾಖಿನ ಆಕಾಶ ಕೆಂಪಾಗಿದ್ದು ನೆನಪಿದೆಯಲ್ಲ? ಆ ಬೇಸಿಗೆಯ ಮಾತು. ಸೂರ್ಯನ ಮೈ ಸಿಡಿದು, ವಿದ್ಯುತ್ ಕಣಗಳ ದೊಡ್ಡ ಮೋಡವೇ ಭೂಮಿಗೆ ಬಂದು ಬಡಿದಿತ್ತು. ಇಂಥ ಸೌರ ಬಿರುಗಾಳಿ ಎದ್ದಾಗ ಭೂಮಿಯ ಕಾಂತಕ್ಷೇತ್ರವೇ ಕದಡಿಹೋಗುತ್ತದೆ. ಪಾರಿವಾಳಗಳು ದಾರಿ ಹಿಡಿಯಲು ಅದನ್ನೂ ನೆಚ್ಚುತ್ತವೆ ಎನ್ನುತ್ತಾರೆ. ರವಿವಾರ ಮೊಬೈಲಿನಲ್ಲಿ ಸುದ್ದಿ ಓದಿದವನೇ ಚಾಚಾಗೆ ಫೋನ್ ಹಚ್ಚಿದೆ.

"ಈಗ ಬಿಟ್ಟೆ ನೋಡ್ರಿ ಮಾಸ್ತರ. ಯಾಕ?" ಎಂದರು.

ಚಾಚಾ ಬಂದರು, ಹಕ್ಕಿಗಳು ಬಂದಿರಲಿಲ್ಲ. ಸಂಜೆಯೊಳಗೆ ಒಂದೊಂದಾಗಿ ಉಳಿದವೆಲ್ಲ ಸೇರಿಕೊಂಡವು. ಬೇಟಿ ಮಾತ್ರ ಇಲ್ಲ.

ಮುಂದಿನ ದಿನಗಳು ಭಾಳ ಕೆಟ್ಟವು. ಚಾಚಾ ಮಾಳಿಗೆ ಇಳಿಯಲೊಲ್ಲರು, ಊಟ ಒಲ್ಲರು. "ಆಕಿ ಕೈಯಾಗ ಬೆಳೆದ ಜೀವರೀ ಅದು" ಎನ್ನುವುದೊಂದೇ ಮಾತು. ನಾನೂ ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ನೀರಿನ ಟ್ಯಾಂಕ್ ನೋಡುವ ನೆಪದಲ್ಲಿ ಮತ್ತೆ ಮತ್ತೆ ಮೇಲೆ ಹತ್ತುವುದು, ಬಿಳಿಯದೇನು ಕಂಡರೂ ಕತ್ತು ಚಾಚುವುದು, ನೋಡಿದರೆ ಯಾರೋ ಒಣಹಾಕಿದ ಟವೆಲ್ಲು! "ಸೂರ್ಯ ತಣ್ಣಗಾಗ್ಲಿ ಚಾಚಾ, ಬರ್ತೈತಿ" ಎಂದೆ. ನನಗೇ ನಂಬಿಕೆ ಇರಲಿಲ್ಲ.

ಅಷ್ಟರಲ್ಲಿ ಅಳವಂಡಿಯಿಂದ ಚಾಚಿಯ ತಮ್ಮ ಫೋನ್ ಮಾಡಿದ. ಹಸಿರು ಉಂಗುರದ ಬಿಳಿ ಪಾರಿವಾಳವೊಂದು ನಮ್ಮ ಮನೆಯಲ್ಲಿ ಕೂತಿದೆ, ನಿಮ್ಮದೇನು ಎಂದು ಕೇಳಿದ. ಚಾಚಾ ಬರಿಗಾಲಲ್ಲೇ ನನ್ನ ಬೈಕ್ ಹತ್ತಿದರು.

ಚಾಚಿಯ ತವರಿನ ಅಂಗಳದ ಗೋಡೆಯಲ್ಲೊಂದು ಹಳೆಯ ಗೂಡು. ಬೇಟಿ ಅದರೊಳಗೆ ತತ್ತಿಗೆ ಕೂತ ಹಾಗೆ ನೆಮ್ಮದಿಯಾಗಿ ಕೂತಿತ್ತು.

"ನಮ್ಮಕ್ಕ ಸಣ್ಣಾಕಿದ್ದಾಗ ಇದ ಗೂಡಿನಾಗ ಪಾರಿವಾಳ ಸಾಕಿದ್ಳು" ಎಂದ ತಮ್ಮ. "ಆಮ್ಯಾಲೆ ಇದರಾಗ ಯಾವ ಹಕ್ಕೀನೂ ಕುಂತಿಲ್ರಿ."

ಆ ಹಕ್ಕಿ ಹುಟ್ಟಿದ್ದು ಕೊಪ್ಪಳದಲ್ಲಿ. ಅಳವಂಡಿಯನ್ನು ಎಂದೂ ಕಂಡದ್ದಲ್ಲ. ಯಲಬುರ್ಗಾದಿಂದ ಕೊಪ್ಪಳಕ್ಕೆ ಬರುವ ದಾರಿಯಲ್ಲಿ ಅಳವಂಡಿ ಸಿಗುವುದೂ ಇಲ್ಲ. ದಾರಿ ತಪ್ಪಿಸುವುದು ಸೂರ್ಯನಿಂದ ಆದೀತು, ಒಪ್ಪುತ್ತೇನೆ. ಆದರೆ ಇಷ್ಟು ಊರು, ಇಷ್ಟು ಮನೆ ಬಿಟ್ಟು ಆ ಗೂಡನ್ನೇ ತೋರಿಸಿಕೊಟ್ಟವರು ಯಾರು? ಆಕಸ್ಮಿಕ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಎದ್ದು ಓಡಾಡಬೇಕೆನಿಸುತ್ತದೆ.

ಬುಟ್ಟಿ ಒಯ್ದಿದ್ದೆವು. ಹಿಡಿಯಲು ನಾನೇ ಕೈ ಚಾಚಿದೆ. ಚಾಚಾ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಕಣ್ಣು ತುಂಬಿದ್ದವು, ಆದರೂ ನಗುತ್ತಿದ್ದರು.

"ಬಿಡ್ರಿ ಮಾಸ್ತರ. ತವರಮನಿಗೆ ಬಂದಾಳ. ನಾಕ ದಿನ ಇರ್ಲಿ."

ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದೆ ಕೂತು ಬಂದರು. ಸೂರ್ಯ ಎಂದೋ ತಣ್ಣಗಾದ. ಆ ನಾಲ್ಕು ದಿನ ಮಾತ್ರ ಇನ್ನೂ ಮುಗಿದಿಲ್ಲ. ಈಗ ರವಿವಾರ ಬಂತೆಂದರೆ ಚಾಚಾ ಜೋಳದ ಚೀಲ ಹಿಡಿದು ಅಳವಂಡಿ ಬಸ್ ಹತ್ತುತ್ತಾರೆ. ಎಲ್ಲಿಗೆ ಎಂದು ಕೇಳಿದವರಿಗೆ "ಹೆಂಡ್ತಿ ತವರಿಗೆ" ಎನ್ನುತ್ತಾರೆ. ಬಸ್ ಸ್ಟ್ಯಾಂಡಿನವರೆಗೆ ಆ ಚೀಲ ಹೊತ್ತು ಕೊಡುವವನು ನಾನೇ.