ಆಯಿಯ ಕಡೆಯ ಸೀರೆ, ನಮ್ಮ ಮೊದಲ ಪಾಠ

ನಾನು ಚಿಕ್ಕವನಿದ್ದಾಗ ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಮಗ್ಗದ ತುಳಿಹಲಗೆ ತುಳಿಯುತ್ತಾ ಆಯಿ, ಅಂದರೆ ಅಪ್ಪನ ತಾಯಿ, ಸೀರೆ ನೇಯುತ್ತಿದ್ದಳು. ಲಾಳಿ ಓಡುವ ಸದ್ದಿನಿಂದಲೇ ನಮಗೆ ಬೆಳಗಾಗುತ್ತಿತ್ತು. ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ನಮ್ಮ ಅಂಗಿಗಳಲ್ಲೂ ಇರುತ್ತಿತ್ತು. ಮಕ್ಕಳೇ, ನೀವು ಈಗ ಹಾಡು, ಕುಣಿತ ಕಲಿಯಲು ಹೋಗುವ ಕಾಲೇಜು ಶುರುವಾದದ್ದು ಆ ಪಡಸಾಲೆಯಲ್ಲಿಯೇ. ಕಾಲೇಜಿನವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅವರು ಹೇಳಿದಾಗಲೆಲ್ಲ ನನಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

ಲಕ್ಷ್ಮೇಶ್ವರದ ಸಾಬರ ಮನೆತನದ ಮಾಸ್ತರರೊಬ್ಬರು ಗದಗಿನ ಹತ್ತಿ ಗೋದಾಮಿನ ಮೂಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಹತ್ತಿಯ ಸುಗ್ಗಿ ಬಂದು ಗೋದಾಮು ತುಂಬಿದಾಗ ಅವರಿಗೂ ಅವರ ಹಾರ್ಮೋನಿಯಂಗೂ ಜಾಗವಿಲ್ಲದಂತಾಯಿತು. ನಾಟಕದ ಹಾಡು ಕಿವಿಗೆ ಬಿದ್ದರೆ ಉಣ್ಣುವ ಕೈಯನ್ನು ಅಲ್ಲೇ ನಿಲ್ಲಿಸುವ ಅಪ್ಪ, "ನಮ್ಮ ಪಡಸಾಲಿ ಐತಲ್ರಿ ಮಾಸ್ತರ, ನಡೀರಿ" ಎಂದುಬಿಟ್ಟ. ಹಾಗೆಂದರೆ ಮಗ್ಗ ಹೋಗಬೇಕು, ಕುಣಿ ಮುಚ್ಚಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಯಿ ಜಗಳ ಮಾಡಲಿಲ್ಲ. "ಮೊಣಕಾಲೂ ಸೋತಾವು, ತಗೀಯಪಾ. ಆದ್ರ ಈ ಸೀರಿ ಮುಗೀಲಿ. ಅರ್ಧಾ ನೇಯ್ದದ್ದಕ್ಕ ಕತ್ರಿ ಹಚ್ಚಬಾರದು. ಕಡೀ ಸೀರಿ ಇದು, ಒಂದ ಎಳಿ ತಪ್ಪಬಾರದು ನೋಡು" ಎಂದಳು. ಅವಳು ಕೇಳಿದ್ದು ಅಷ್ಟೇ.

ಪಾಠ ಶುರುವಾಗುವ ದಿನ ಬಂತು. ಸೀರೆ ಇನ್ನೂ ಸ್ವಲ್ಪ ಉಳಿದಿತ್ತು. ಮಲ್ಲಸಮುದ್ರದಿಂದ ಹುಡುಗರು ಧೂಳುಗಾಲಲ್ಲಿ ನಡೆದು ಬಂದರು. ಮಗ್ಗದ ಪಕ್ಕದ ಜಾಗದಲ್ಲಿ ಅಪ್ಪ ಜಮಖಾನೆ ಹಾಸಿದ, ನಾನೂ ಅವರೊಂದಿಗೆ ಕೂತೆ. ಬಾಗಿಲ ಬಳಿ ಅಕ್ಕ ರಾಟೆ ತಿರುಗಿಸುತ್ತಾ ಲಾಳಿಗೆ ನೂಲು ಸುತ್ತುತ್ತಿದ್ದಳು. ಎಲ್ಲ ಸಿದ್ಧವಾಯಿತು, ತಬಲಾದವರು ಮಾತ್ರ ಬರಲಿಲ್ಲ. ಅವರು ಡೋಣಿ ಎಂಬ ಊರಿನವರು, ಬಸ್ಸು ತಪ್ಪಿತ್ತೋ ಏನೋ. ತಾಳವಿಲ್ಲದೆ ನಮ್ಮ ಹಾಡು ಒಬ್ಬೊಬ್ಬರದು ಒಂದೊಂದು ದಾರಿ ಹಿಡಿಯಿತು. ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿದರು. ಆ ಮೌನದಲ್ಲಿ ಮಗ್ಗ ಮಾತ್ರ ಕೇಳಿಸುತ್ತಿತ್ತು, ಒಂದೇ ಸಮ.

"ಆಯೀ, ಹಿಂಗ ನಡಸ್ರಿ. ಇವತ್ತ ನಮ್ಮ ತಬಲಾ ನೀವ" ಎಂದರು ಮಾಸ್ತರರು.

"ತಬಲಾದಾವಂಗ ಚಾ ಕೊಡ್ತೀರಿ. ನನಗೇನ್ ಕೊಡ್ತೀರಿ?" ಎಂದು ಆಯಿ ಕೇಳಿದಳು.

"ಎರಡ ಕಪ್ ಕೊಡೋಣ್ರಿ" ಎಂದು ಮಾಸ್ತರರು ನಕ್ಕರು.

ನಾವು ಹಾಡಿದೆವು. ಮಗ್ಗದ ಬಡಿತಕ್ಕೆ ನಮ್ಮ ಚಪ್ಪಾಳೆ ಕೂಡಿಕೊಂಡಿತು. ತಪ್ಪಿದವರು ಮತ್ತೆ ಆ ಬಡಿತವನ್ನೇ ಹುಡುಕಿ ಸಾಲಿಗೆ ಬಂದರು. ಹಾಡು ಮೊದಲ ಸಲ ಹಾಡಿನಂತೆ ಕೇಳಿಸಿತು. ಅಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಮಕ್ಕಳೇ, ನೇಕಾರರ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಒಂದಿದೆ. ಉದ್ದಕ್ಕೆ ಹಾಸಿದ ಎಳೆಗಳಲ್ಲಿ ಒಂದು ಹರಿದರೆ ತಕ್ಷಣ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಇಲ್ಲವಾದರೆ ಹರಿದ ಎಳೆ ಪಕ್ಕದವಕ್ಕೆ ಸುತ್ತಿಕೊಂಡು ಅವನ್ನೂ ಹರಿಯುತ್ತದೆ, ಬಟ್ಟೆಯಲ್ಲಿ ಉದ್ದಕ್ಕೂ ಬಿರುಕು ಬೀಳುತ್ತದೆ. ನಾವು ಹಾಡುತ್ತಿದ್ದಾಗ ಎಳೆ ಹರಿಯಿತು. ಆಯಿ ಮಗ್ಗ ನಿಲ್ಲಿಸಲಿಲ್ಲ.

ಪಾಠ ಮುಗಿದು ಹುಡುಗರು ಬೆಲ್ಲ, ಪುಠಾಣಿ ಮುಕ್ಕುತ್ತಾ ಹೋದ ಮೇಲೆ ಅಪ್ಪ ಮಗ್ಗದ ಮೇಲೆ ಬಾಗಿ ನೋಡಿದ. "ಅವ್ವಾ, ಎಳಿ ಹರದದ್ದು ಗೊತ್ತಾಗಲಿಲ್ಲೇನ?"

"ಗೊತ್ತಾತು. ಹುಡುಗೂರು ಈಗಷ್ಟ ಹಾದಿಗೆ ಹತ್ತಿದ್ವು. ನಡುವ ಹೆಂಗ ನಿಂದ್ರಲಿ?" ಎಂದಳು ಆಯಿ. ಆಮೇಲೆ ಬಗ್ಗಿ ಒಂದೊಂದೇ ಎಳೆಗೆ ಗಂಟು ಹಾಕಲು ಶುರುಮಾಡಿದಳು. ಅವಳ ಪಾಲಿನ ಚಹಾ ಕುಣಿಯ ಅಂಚಿನಲ್ಲಿ ಆರುತ್ತಿತ್ತು.

ಆ ಸೀರೆ ಅಂಗಡಿಗೆ ಹೋಗಲಿಲ್ಲ. ಕುಣಿಗೆ ಮಣ್ಣು ತುಂಬಿದ ದಿನ ಆಯಿ ಬಿರುಕಿದ್ದ ತುಂಡನ್ನು ಕತ್ತರಿಸಿ ಹಾರ್ಮೋನಿಯಂ ಮುಚ್ಚಲು ಮಾಸ್ತರರಿಗೆ ಕೊಟ್ಟಳು. ಮುಂದೆ ಅವಳು ಹೊರಗಿನ ಕಟ್ಟೆಯ ಮೇಲೆ ಕೂತಾಗ ಇಳಿಬಿಟ್ಟ ಕಾಲುಗಳು ಸುಮ್ಮನೆ ಗಾಳಿಯನ್ನು ತುಳಿಯುತ್ತಿದ್ದವು. ಇದನ್ನು ನಾನು ಕಂಡದ್ದೋ, ಅಕ್ಕ ಹೇಳಿ ಹೇಳಿ ಕಂಡಂತಾದದ್ದೋ ಗೊತ್ತಿಲ್ಲ. ಧಾರವಾಡದಲ್ಲಿ ಇತಿಹಾಸ ಓದುವಾಗ ನೆನಪನ್ನು ಬೇಗ ನಂಬಬಾರದೆಂದು ಕಲಿತವನು ನಾನು. ಸೀರೆ ಹಸಿರಿತ್ತು ಎಂದು ನಾನು, ಕೆಂಪಿತ್ತು ಎಂದು ಅಕ್ಕ, ಇಂದಿಗೂ ವಾದಿಸುತ್ತೇವೆ. ಎಳೆ ಹರಿದದ್ದನ್ನು ನಾನು ಹಾಡುತ್ತಲೇ ಕಂಡಿದ್ದೆ ಎಂದು ನನಗನಿಸುತ್ತದೆ. "ಸುಳ್ಳ. ನೀನು ಮಾಸ್ತರ ಕಡೆ ಮಾರಿ ಮಾಡಿ ಕುಂತಿದ್ದಿ. ಮಗ್ಗ ನಿನ್ನ ಬೆನ್ನ ಹಿಂದಿತ್ತು. ಓದಿ ಓದಿ ಇಲ್ಲದ ಪಾಪ ಯಾಕ ಹೊತ್ಕೋತಿ?" ಎನ್ನುತ್ತಾಳೆ ಅಕ್ಕ. ಅವಳ ಮಾತೇ ಖರೆ ಇರಬಹುದು. ಆದರೂ ಮನಸ್ಸು ಹಗುರಾಗಿಲ್ಲ.

ಈಗ ನಿಮ್ಮ ಕಾಲೇಜಿಗೆ ದೊಡ್ಡ ಕಟ್ಟಡವಿದೆ, ಹಲಗೆ ಹಾಸಿದ ರಂಗವಿದೆ, ಮುಂಡರಗಿ, ಶಿರಹಟ್ಟಿಯಿಂದ ಮಕ್ಕಳು ಬರಲು ಬಸ್ಸಿದೆ. ತಬಲಾದವರು ಬರದಿದ್ದರೆ ನೀವು ಫೋನಿನಲ್ಲಿ ತಾಳ ಹಚ್ಚಿಕೊಳ್ಳುತ್ತೀರಿ. ಅದರ ಮೊಣಕಾಲು ನೋಯುವುದಿಲ್ಲ, ಅದರಲ್ಲಿ ಎಳೆ ಹರಿಯುವುದಿಲ್ಲ. ಬೆರಳು ತಾಕಿಸಿದರೆ ನಿಲ್ಲುತ್ತದೆ. ಒಳ್ಳೆಯದೇ ಆಯಿತು.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ನನ್ನನ್ನು ಕಾಲೇಜಿನ ಗಾಜಿನ ಕಪಾಟಿನ ಮುಂದೆ ನಿಲ್ಲಿಸಿದಳು. ಮೊದಲ ಹಾರ್ಮೋನಿಯಂ, ಅದರ ಮೇಲೆ ಆ ತುಂಡು. ಬಣ್ಣ ಹೋಗಿ ಹಸಿರೂ ಅಲ್ಲದ ಕೆಂಪೂ ಅಲ್ಲದ ಬಟ್ಟೆ, ನಡುವೆ ಗೇಣುದ್ದದ ಬಿರುಕು. ನಮ್ಮ ಮೊದಲ ಹಾಡು ಅಷ್ಟು ಉದ್ದವಿತ್ತು. ಅವಳಿಗೆ ಕತೆ ಹೇಳಿದೆ.

"ಆಯಿ ನಿಂದರಲಿಲ್ಲ, ಆತು. ನೀವ್ಯಾಕ ಹಾಡೋದು ನಿಲ್ಲಿಸಲಿಲ್ಲ ಅಜ್ಜಾ?"

"ನಮಗ ಕಾಣಲಿಲ್ಲವ್ವಾ" ಎಂದೆ.

ಅವಳು ನಂಬಿದಳು. ಮನೆ ಮುಟ್ಟುವವರೆಗೂ ನನ್ನ ಕಣ್ಣ ಮುಂದೆ ಹರಿದ ಎಳೆಯೊಂದು ಅಲ್ಲಾಡುತ್ತಿತ್ತು. ಅದು ಹಸಿರಿತ್ತು.