ಮೂರು ನೀರಿನ ಕಳಲೆ

ಸೊರಬದಲ್ಲಿ ಆಹಾರ ಮೇಳ ಎಂದು ಕಿವಿಗೆ ಬಿದ್ದರೆ ಸಾಕು, ಶಿಕಾರಿಪುರದಿಂದ ಬಸ್ಸು ಹತ್ತುವವಳು ನಾನು. ತಿನ್ನುವ ವಿಷಯದಲ್ಲಿ ನನಗೆ ಮಾನ ಮರ್ಯಾದೆ ಕಡಿಮೆ. ಆದರೆ ಈ ಸಲ ಹೋದದ್ದು ಅಕ್ಕನಿಗಾಗಿ. ಅವಳ ನಾಲಿಗೆಯಲ್ಲಿ ಗಂಟಾಗಿತ್ತು. ಮರುದಿನವೇ ಆಸ್ಪತ್ರೆಗೆ ಸೇರಬೇಕು. ಆಪರೇಷನ್ ಆದಮೇಲೆ ರುಚಿ ತಿಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಒಂದ್ಸಲ ಕಳಲೆ ಪಲ್ಯ ತಿಂದು ಹೋಗ್ತೀನಿ ಕಣೇ," ಎಂದಿದ್ದಳು. ಮಳೆಗಾಲದ ಎಳೆ ಬಿದಿರೆಂದರೆ ಅವಳಿಗೆ ಪ್ರಾಣ.

ಮೇಳದಲ್ಲಿ ಹಲಸಿನ ಕಡುಬು, ಪತ್ರೊಡೆ, ಅಣಬೆ ಸಾರು ಎಲ್ಲ ಇತ್ತು. ಬೇರೆ ದಿನವಾಗಿದ್ದರೆ ಒಂದೊಂದು ಅಂಗಡಿಯೆದುರೂ ನಿಂತು ತಿನ್ನುತ್ತಿದ್ದೆ. ಕಳಲೆ ಪಲ್ಯ ಮಾತ್ರ ನಾನು ಹೋಗುವಷ್ಟರಲ್ಲಿ ಖಾಲಿ. ಕುಪ್ಪಗಡ್ಡೆಯಿಂದ ಬಂದಿದ್ದ ಹೆಂಗಸೊಬ್ಬಳ ಬಕೆಟ್ಟಿನಲ್ಲಿ ಹೆಚ್ಚಿದ ಕಳಲೆ ನೀರಿನಲ್ಲಿ ಮುಳುಗಿತ್ತು.

"ಇವತ್ತು ಮೊದಲ್ನೇ ನೀರು ರೀ. ದಿನಾ ನೀರು ಬದಲಿಸಿ, ಮೂರು ನೀರು ಆದ್ಮೇಲೇ ಅಡಿಗೆ. ಈಗ ತಿಂದ್ರೆ ಮೈಗಾಗಲ್ಲ."

ನನಗೆ ಗೊತ್ತಿಲ್ಲದ್ದೇ? ಆದರೂ ಕೊಂಡೆ. ನಾಲ್ಕು ಸಲ ಕುದಿಸಿ ಬಸಿದರೆ ಸಂಜೆಯೊಳಗೆ ಕಹಿ ಹೋದೀತು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ಮೊದಲ್ನೇ ನೀರು," ಎಂದು ನಕ್ಕಳು. ಕುದಿಸುತ್ತೇನೆ ಎಂದರೆ ಬಿಡಲಿಲ್ಲ.

"ಮೆತ್ತಗಾಗಿ ಹಾಳಾಗ್ತತಿ. ಕೊನೇ ಸಲ ಕೆಟ್ಟ ಪಲ್ಯ ತಿನ್ನಿಸ್ತೀಯೇನೆ?"

ಎರಡು ದಿನ ಮೊದಲೇ ಎಲ್ಲಾದರೂ ಹುಡುಕಿ ತರಬಹುದಿತ್ತು. ಮೇಳದಲ್ಲಿ ಸಿಕ್ಕೇ ಸಿಗುತ್ತದೆ ಎಂದು ಕಾದು ಕೂತ ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಬೆಳಿಗ್ಗೆ ಹೊರಡುವ ಮುಂಚೆ ಅವಳೇ ಹಳೆಯ ನೀರು ಚೆಲ್ಲಿ ಎರಡನೆಯದನ್ನು ಹುಯ್ದಳು. "ಮೂರ್ನೇದು ನೀನು ಹಾಕು, ಮರೀಬ್ಯಾಡ." ಭಾವ ಅವಳ ಜೊತೆ ಹೋದರು. ಮನೆಯಲ್ಲಿ ವಯಸ್ಸಾದ ಅಮ್ಮನನ್ನು ನೋಡಿಕೊಳ್ಳಲು ನಾನು ಉಳಿದೆ. ಆ ಡಬ್ಬಿಗೆ ನೀರು ಬದಲಿಸುವುದು ಬಿಟ್ಟರೆ ಅವಳಿಗಾಗಿ ನಾನು ಮಾಡಬಹುದಾದ ಕೆಲಸ ಇನ್ನೊಂದಿರಲಿಲ್ಲ.

ಮಂಗಳವಾರ ಅವಳನ್ನು ಆಪರೇಷನ್ನಿಗೆ ಕರೆದೊಯ್ದ ಹೊತ್ತಿಗೆ ಮೂರನೇ ನೀರು ಹಾಕಿದೆ. ಬುಧವಾರ ಒಗ್ಗರಣೆ ಕೊಟ್ಟು, ಬಡಿಸಿಕೊಂಡು ಕೂತೆ. ಒಂದಿಷ್ಟೂ ಕಹಿ ಇಲ್ಲ. ಅಷ್ಟು ಚೆನ್ನಾದ ಪಲ್ಯ ನಾನು ಮಾಡಿದ್ದೇ ಇಲ್ಲ. ಒಂದೇ ತುತ್ತಿಗೆ ತಟ್ಟೆ ಸರಿಸಿ, ಪಲ್ಯಕ್ಕೆ ಮುಚ್ಚಳ ಹಾಕಿಟ್ಟೆ.

ಸಂಜೆ ಫೋನಿಗೆ ಅಕ್ಕನ ಸಂದೇಶ ಬಂತು. ಮಾತಾಡುವಂತಿರಲಿಲ್ಲ, ಎಲ್ಲ ಬೆರಳಲ್ಲೇ.

"ಕಹಿ ಹೋತಾ?"

"ಇಲ್ಲ, ಚೆಲ್ಲಿಬಿಟ್ಟೆ," ಎಂದು ಬರೆದೆ.

ಉತ್ತರ ಬಂತು.

"ಸುಳ್ಳುಬುರುಕಿ. ಮೂರು ನೀರಿಗೆ ಹೋಗೇ ಹೋಗ್ತತಿ. ನನ್ನ ಪಾಲಿಂದೂ ತಿನ್ನು."